ಚಿಲಕದ ಬೆಡಿ

ಕಾಡುಹಂದಿ ಹೊಡವಲೆ ಅನುಮತಿ ಕೊಡ್ತ ಅಧಿಕಾರ ಕೇರಳಲ್ಲಿ 2022ಕ್ಕೆ ಪಂಚಾಯತು ಅಧ್ಯಕ್ಷರ ಕೈಗೆ ಬಂತು. ಅಲ್ಲಿಂದ ಮತ್ತೆ ಎಂಗಳ ಕಾಸರಗೋಡಿನ ಹೊಡೆಲಿ, ಲೈಸೆನ್ಸಿನ ಬೆಡಿ ಇಪ್ಪ ಮನೆಗಳ ಜೆಗಿಲಿಲಿ ಅಡಕ್ಕೆ ರೇಟಿನ ಮಾತಿನೊಟ್ಟಿಂಗೆ ಬೆಡಿಯ ಮಾತುದೇ ಸೇರಿತ್ತು. ಎಂಗೊ ಬೇಟೆ ಮಾಡ್ತ ಜೆನ ಅಲ್ಲ. ಎಂಗಳ ಮನೆ ಬೆಡಿ ಹೇಳಿರೆ ಮಂಗನ ಹೆದರುಸುಲೆ, ಹಂದಿಯ ಓಡುಸುಲೆ ಇಪ್ಪದು. ವರ್ಷದ ಮುಕ್ಕಾಲು ಪಾಲು ಒಳ ಒರಗುತ್ತು, ಎಲೆಕ್ಷನು ಬಂದರೆ ಪೋಲೀಸು ಸ್ಟೇಷನಿಂಗೆ ಹೋಗಿ ಕೂರ್ತು. ಚರೆ ತುಂಬಿದ ತೋಟೆ ಹಾಕಿ ಹೊಡದರೆ ನಲ್ವತ್ತು ಗಜ ದಾಂಟಿದ ಮತ್ತೆ ಚರೆ ಚೆದುರಿ ಹೋವುತ್ತು, ಹಂದಿಗೆ ಅದರ ಲೆಕ್ಕವೇ ಇಲ್ಲೆ.

ಹಾಂಗಾಗಿ ಎನ್ನ ದೊಡ್ಡಬಾವಂಗೆ ಒಂದು ಆಶೆ. "ದೂರಕ್ಕೆ ಹೊಡವ ಬೋಲ್ಟ್ ಆಕ್ಷನ್ ರೈಫಲು ಒಂದು ತೆಕ್ಕೊಂಡರೆ ಹೇಂಗೆ ಬಾವ? ಇಲ್ಲಿ ಕೂದೊಂಡೇ ಆಚ ಗುಡ್ಡೆಲಿಪ್ಪದಕ್ಕೆ ಬಿಡ್ಲಕ್ಕು. ನೀನು ಓದುವ ಜೆನ ಅಲ್ಲದಾ, ಯೇವದು ಒಳ್ಳೆದು ಹೇಳಿ ನೋಡು" ಹೇಳಿದವು. ಆನು ನೋಡಿದೆ. ನೋಡ್ಯೊಂಡು ಹೋಪಗ ಸಿಕ್ಕಿದ್ದು ಬೆಡಿಯ ರೇಟು ಅಲ್ಲ, ಒಂದು ಹುಲಿಯ ಹಲ್ಲು.

ಜಿಮ್ ಕಾರ್ಬೆಟ್ಟನ ಹೆಸರು ಕನ್ನಡದೋರಿಂಗೆ ಹೊಸತ್ತಲ್ಲ. ರುದ್ರಪ್ರಯಾಗದ ಚಿರತೆಯ ಕತೆಯ ತೇಜಸ್ವಿ ಕನ್ನಡಕ್ಕೆ ತಂದ ಮತ್ತೆ ಅದರ ಓದದ್ದೋರು ಕಮ್ಮಿ. ಆನು ಹೇಳುದು ಅದರಿಂದಲೂ ಮದಲಿನ ಸಂಗತಿ, ಕುಮಾವೂಂ ಬೆಟ್ಟದ ಚಂಪಾವತದ ಹೆಣ್ಣುಹುಲಿ. ನೇಪಾಳಲ್ಲಿಯೂ ಕುಮಾವೂಂಲಿಯೂ ಸೇರಿ 436 ಜೆನರ ಕೊಂದತ್ತು ಹೇಳಿ ಲೆಕ್ಕ. 1907ಲ್ಲಿ ಕಾರ್ಬೆಟ್ಟ ಅದರ ಹೊಡದು ಹಾಕಿದ°. ಸತ್ತ ಹುಲಿಯ ಬಾಯಿ ಬಿಡುಸಿ ನೋಡುವಗ ಬಲದ ಹೊಡೆಯ ಎರಡು ಕೋರೆಹಲ್ಲುದೇ ಒಡದು ಹೋಗಿತ್ತು. ಮೇಗಾಣದ್ದು ಅರ್ಧ, ಕೆಳಾಣದ್ದು ಎಲುಬಿನ ವರೆಗೆ. ಆರೋ ಒಬ್ಬ° ಏವಗಳೋ ಹೊಡದ ಗುಂಡು ಅದು. ಆ ಹಲ್ಲಿಲ್ಲದ್ದೆ ಕಾಡಿನ ಪ್ರಾಣಿಗಳ ಹಿಡಿವಲೆ ಎಡಿಯದ್ದೆ ಅದು ಮನುಷ್ಯರ ಹಿಡಿವಲೆ ಸುರುಮಾಡಿತ್ತು ಹೇಳಿ ಕಾರ್ಬೆಟ್ಟನ ಅಭಿಪ್ರಾಯ. ಆ ಗುಂಡು ಹೊಡದೋನ ಹೆಸರು ಆರಿಂಗೂ ಗೊಂತಿಲ್ಲೆ. ಹುಲಿಗೆ ತಾಗಿತ್ತು ಹೇಳಿ ಅವ° ಮನೆಗೆ ಹೋಗಿ ಕೊಶಿಲಿ ಹೇಳಿಕ್ಕು ಹೇಳಿ ಎನಗೆ ಕಾಣ್ತು.

ಆ ಹುಲಿಯ ಕಡೇಣ ಗಳಿಗೆಯೂ ಬೆಡಿಯ ಕತೆಯೇ. ಕಾರ್ಬೆಟ್ಟ ಮೂರೇ ಗುಂಡು ತೆಕ್ಕೊಂಡು ಹೋಗಿತ್ತಿದ್ದ°. ಮೂರೂ ಮುಗುತ್ತು, ಹುಲಿ ಇನ್ನೂ ನಿಂದೊಂಡಿದ್ದು. ಓಡಿ ಹೋಗಿ ತಹಶೀಲ್ದಾರನ ಕೈಲಿಪ್ಪ ಬೆಡಿಯ ತೆಕ್ಕೊಂಡು ಬಂದ°. ಹುಲಿಯ ಹತ್ತರೆ ಎತ್ತಿದ ಮತ್ತೆ ನೋಡ್ತ°, ನಳಿಗೆಗೂ ಅದರ ಹಿಂದಾಣ ಮುಚ್ಚಲಿಂಗೂ ನೆಡುಗೆ ಸುಮಾರು ಒಂದು ಸೆಂಟಿಮೀಟರಿನ ಸಂದು! ಹೊಡದರೆ ಅವನ ಮೋರೆಗೇ ಬಕ್ಕು. ಆದರೂ 20 ಅಡಿ ದೂರಂದ ಬಾಯಿಗೆ ಗುರಿ ಮಡುಗಿ ಹೊಡದ°, ತಾಗಿದ್ದು ಪಾದಕ್ಕೆ. ಮದಲು ಹೊಡದ ಗುಂಡುಗಳಿಂದಲೇ ಹುಲಿ ಸತ್ತತ್ತು, ಅವನ ಪುಣ್ಯ. ಮತ್ತೆ ನೈನಿತಾಲಿಲಿ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ದರ್ಬಾರು ಮಾಡಿ ಆ ತಹಶೀಲ್ದಾರಂಗೆ ಒಂದು ಬೆಡಿಯ ಉಡುಗೊರೆ ಕೊಟ್ಟ°. ಇದರ ಓದಿ ಎನಗೆ ನೆಗೆ ತಡವಲೆ ಎಡಿಗಾಯಿದಿಲ್ಲೆ, ಆರಿಂಗೆ ಬೇಕೋ ಅವಂಗೇ ಸಿಕ್ಕಿತ್ತು. ಕಾರ್ಬೆಟ್ಟಂಗೆ ಅವ° ಕೊಟ್ಟದು ಲಂಡನಿನ ರಿಗ್ಬಿ ಕಂಪೆನಿಯ .275 ಬೋಲ್ಟ್ ಆಕ್ಷನ್ ರೈಫಲು.

ಬೋಲ್ಟ್ ಹೇಳಿರೆ ನಮ್ಮ ಬಾಗಿಲಿನ ಚಿಲಕವೇ. ಹಿಡಿಯ ಮೇಗೆ ತಿರುಗುಸಿ ಹಿಂದೆ ಎಳದರೆ ಖಾಲಿ ತೋಟೆ ಹೆರ ಬೀಳ್ತು, ಮುಂದೆ ದೂಡಿರೆ ಹೊಸತ್ತು ಒಳ ಹೋವುತ್ತು, ಹಿಡಿಯ ಕೆಳ ಇಳುಶಿರೆ ಬೀಗ ಬಿದ್ದತ್ತು. ತಹಶೀಲ್ದಾರನ ಬೆಡಿಲಿ ಇದ್ದ ಹಾಂಗಿಪ್ಪ ಸಂದು ಇದರಲ್ಲಿ ಬಪ್ಪಲೆ ಸುಲಭ ಇಲ್ಲೆ, ಎಂತಕೆ ಹೇಳಿರೆ ಚಿಲಕದ ಮುಂದಾಣ ಕೊಡಿಲಿ ಎರಡು ದಪ್ಪ ಕಿವಿ ಇದ್ದು, ತಿರುಗುಸುವಗ ಅದು ಉಕ್ಕಿನ ಗೂಡಿನ ಒಳ ಕಚ್ಚಿ ಕೂರ್ತು. ಪ್ರಷ್ಯದ ಸೈನ್ಯ 1841ರಲ್ಲೇ ಡ್ರೈಸೆಯ ಚಿಲಕದ ಬೆಡಿಯ ಒಪ್ಪಿತ್ತಿದ್ದು. ಆದರೆ ಅದು ಕರಿಮದ್ದಿನ ಕಾಲ. ಹೊಡದರೆ ಹೊಗೆ, ಗುಂಡಿನ ವೇಗವೂ ಕಮ್ಮಿ. 1880ರ ದಶಕಲ್ಲಿ ಫ್ರಾನ್ಸಿನೋರು ಹೊಗೆ ಇಲ್ಲದ್ದ ಮದ್ದು ಮಾಡಿದವು. ಗುಂಡು ಸಣ್ಣ ಆತು, ವೇಗ ಸುಮಾರು ಹೆಚ್ಚಿತ್ತು, ನಳಿಗೆಯ ಒಳಾಣ ಒತ್ತಡವೂ ಹೆಚ್ಚಿತ್ತು. ಆ ಒತ್ತಡವ ತಡವ ಚಿಲಕವ ಒಂದು ಹದಕ್ಕೆ ತಂದದು ಜರ್ಮನಿಯ ಓಬರ್ನ್‌ಡಾರ್ಫಿನ ಪೌಲ್ ಮೌಸರ್. 1898ರಲ್ಲಿ ಜರ್ಮನ್ ಸೈನ್ಯ ಒಪ್ಪಿದ ಅವನ ರೈಫಲಿಲಿ ಎದುರಾಣ ಎರಡು ಕಿವಿ ಸಾಲ ಹೇಳಿ ಹಿಂದೆ ಮೂರನೇದು ಒಂದು ಇದ್ದು. ತೋಟೆ ಒಡದರೆ ಗಾಳಿ ಹೊಡವೋನ ಮೋರೆಗೆ ಬಾರದ್ದ ಹಾಂಗೆ ಒಟ್ಟೆಗಳೂ ಇದ್ದು. ಒಂದು ಉದ್ದದ ಕೊಕ್ಕೆ ಪೆಟ್ಟಿಗೆಂದ ಮೇಗೆ ಬಪ್ಪಗಳೇ ತೋಟೆಯ ಬುಡದ ಅಂಚಿನ ಹಿಡಿತ್ತು, ಹೆರ ಹಾಕುವ ವರೆಗೆ ಬಿಡ್ತಿಲ್ಲೆ. ಕೈ ನಡುಗಲಿ, ಬೆಡಿ ಓರೆ ಆಗಲಿ, ತೋಟೆ ಸಿಕ್ಕಿ ಬೀಳ. ಇಂದ್ರಾಣ ಬೇಟೆ ರೈಫಲುಗಳಲ್ಲಿ ಎಷ್ಟೋ ಇದರದ್ದೇ ಮಕ್ಕೊ, ಪುಳ್ಳಿಯಕ್ಕೊ.

ದೂರಕ್ಕೆ ಅದು ಹೇಂಗೆ ಹೊಡೆತ್ತು ಹೇಳಿ ಬ್ರಿಟಿಷರಿಂಗೆ ಗೊಂತಾದ್ದು ಪೆಟ್ಟು ತಿಂದ ಮತ್ತೆ. 1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕಲ್ಲಿ ಬೋಯರುಗೊ 7 ಮಿಲಿಮೀಟರಿನ ಮೌಸರ್ ಹಿಡ್ಕೊಂಡು ಯುದ್ಧ ಮಾಡಿದವು. ಅವರಲ್ಲಿ ಹೆಚ್ಚಿನೋರು ಕೃಷಿಕರು, ಬಯಲಿಲಿ ಜಿಂಕೆ ಹೊಡದು ಅಭ್ಯಾಸ ಇದ್ದೋರು. ಯುದ್ಧ ಮುಗುದ ಮತ್ತೆ ವೈರಿಯ ಅದೇ ತೋಟೆಯ ರಿಗ್ಬಿಯೋರು ಇಂಚಿನ ಲೆಕ್ಕಲ್ಲಿ .275 ಹೇಳಿ ಹೆಸರು ಮಡುಗಿ, ಮೌಸರಿನ ಚಿಲಕಕ್ಕೇ ಚೆಂದದ ಮರದ ಹಿಡಿ ಕೂರ್ಸಿ ಲಂಡನಿಲಿ ಮಾರಿದವು. ಕಾರ್ಬೆಟ್ಟಂಗೆ ಸಿಕ್ಕಿದ್ದು ಇದು. ಜರ್ಮನಿಯ ಯುದ್ಧದ ಚಿಲಕ, ಇಂಗ್ಲೀಷು ಹೆಸರು, ಕುಮಾವೂಂ ಬೆಟ್ಟ!

ನಮ್ಮ ದೇಶಲ್ಲಿ ರೈಫಲು ಆಯ್ಕೆ ಮಾಡಿದ್ದು ಬೇಟೆಗಾರ° ಮಾತ್ರ ಅಲ್ಲ, ಸರಕಾರವೂ ಅಪ್ಪು. ಬ್ರಿಟಿಷರ ಸೈನ್ಯದ ತೋಟೆ .303. ಅದು ಊರಿನೋರ ಕೈಗೆ ಬಂದರೆ ಸೈನ್ಯದ ಉಗ್ರಾಣಂದ ಕದ್ದ ತೋಟೆಗಳೂ ಅದರಲ್ಲಿ ಹೋಕು ಹೇಳ್ತ ಹೆದರಿಕೆ. ಹಾಂಗಾಗಿ .303 ಸಾಮಾನ್ಯ ಜನಕ್ಕೆ ಇಲ್ಲೆ. ಆನೆ, ಹುಲಿಗೆ ಬೇಕಾದ .450 ತೋಟೆಯನ್ನೂ 1907ರ ಹೊತ್ತಿಂಗೆ ಭಾರತಕ್ಕೆ ತಪ್ಪಲಾಗ ಹೇಳಿದವು. ಲಂಡನಿನ ಬೆಡಿ ಕಂಪೆನಿಗೊ.470, .465 ಹೇಳಿ ಬೇರೆ ಅಳತೆಗಳ ಹುಟ್ಟುಸಿದವು. .303ರ ಜಾಗೆಗೆ ಬಂದದು .315. ಅದರ ತೋಟೆ ಹಳೇ ಆಸ್ಟ್ರಿಯ ಸೈನ್ಯದ 8 ಮಿಲಿಮೀಟರಿನ ಮಾನ್ಲಿಚರ್. ಬಂಗಾಳದ ಇಶಾಪುರದ ರೈಫಲು ಫ್ಯಾಕ್ಟರಿಲಿ ಲೀ ಎನ್‌ಫೀಲ್ಡಿನ ಹಾಂಗಿಪ್ಪ ಚಿಲಕಕ್ಕೆ ಅದರ ಜೋಡುಸಿದವು. ಬ್ರಿಟಿಷರು ಹೋದರೂ ಆ ನಿಯಮದ ನೆರಳು ಹೋಯಿದಿಲ್ಲೆ. ಬಾವ° ನೋಡಿ ಮಡುಗಿದ್ದುದೇ ಇದೇ .315.

ಅಂಬಗ ಒಳ್ಳೆ ರೈಫಲು ಹೇಳಿರೆ ಎಂತರ ನೋಡೆಕ್ಕು?

ಸುರುವಿಂಗೆ ಗುಂಡು ಇಳಿವದು. ರೈಫಲಿನ ಗುಂಡು ಗೆರೆ ಎಳದ ಹಾಂಗೆ ನೇರ ಹೋವುತ್ತು ಹೇಳಿ ಸುಮಾರು ಜೆನ ಗ್ರೇಶಿದ್ದವು. ಕಲ್ಲು ಇಡ್ಕಿರೆ ಹೇಂಗೋ ಇದುದೇ ಹಾಂಗೇ, ವೇಗ ಹೆಚ್ಚು ಅಷ್ಟೆ. ಸೆಕೆಂಡಿಂಗೆ 700 ಮೀಟರಿನ ವೇಗಲ್ಲಿ ಹೆರಟ ಗುಂಡು 200 ಮೀಟರು ಹೋಪಗ ನಳಿಗೆ ನೋಡಿದ ಗೆರೆಂದ ಸುಮಾರು ಅರ್ಧ ಮೀಟರು ಕೆಳ ಇರ್ತು. 400 ಮೀಟರಿಂಗೆ ಎರಡು ಮೀಟರಿಂದಲೂ ಹೆಚ್ಚು. ದೂರ ಎರಡು ಪಟ್ಟು ಆದರೆ ಇಳಿವದು ನಾಲ್ಕು ಪಟ್ಟಿಂದಲೂ ಮೇಗೆ. ಗುರಿ ಕಣ್ಣಿಯ, ದುರ್ಬೀನಿನ ಇದಕ್ಕೆ ಸರಿಯಾಗಿ ಹೊಂದುಸುದು ಅಪ್ಪು, ಆದರೆ ಆಚ ಗುಡ್ಡೆಲಿಪ್ಪ ಪ್ರಾಣಿ 250 ಮೀಟರಿಲಿ ಇದ್ದಾ, 350ಲ್ಲಿ ಇದ್ದಾ ಹೇಳಿ ಬರೀ ಕಣ್ಣಿಲಿ ಹೇಳುಲೆ ಎಡಿಗಾ? ತಪ್ಪಿರೆ ಹೃದಯಕ್ಕೆ ತಾಗೆಕ್ಕಾದ್ದು ಹೊಟ್ಟೆಗೋ ಕಾಲಿಂಗೋ ತಾಗುತ್ತು. ಚಂಪಾವತದ ಹಲ್ಲು ಒಡದ್ದು ಹೀಂಗಿಪ್ಪ ಒಂದು ತಪ್ಪಿಂದಲೇ ಆದಿಕ್ಕು.

ಮತ್ತೆ ಮರ. ಆಟಿಲಿ ನಮ್ಮ ಬಾಗಿಲು ಉಬ್ಬಿ ದಾರಂದಕ್ಕೆ ಹಿಡಿತ್ತಿಲ್ಲೆಯಾ? ರೈಫಲಿನ ಮರದ ಹಿಡಿಯೂ ಹಾಂಗೇ ಉಬ್ಬುತ್ತು. ಉಬ್ಬಿ ನಳಿಗೆಯ ಒಂದು ಹೊಡೆಂದ ಒತ್ತಿರೆ, ಬೇಸಗೆಲಿ ಸರಿ ಮಾಡಿದ ಗುರಿ ಮಳೆಗಾಲಲ್ಲಿ ಇರ. ಹಾಂಗಾಗಿ ಒಳ್ಳೆ ಕೆಲಸದೋರು ನಳಿಗೆಗೂ ಮರಕ್ಕೂ ಎಡೆಲಿ ಒಂದು ಕಾಗದ ಹೋಪಷ್ಟು ಜಾಗೆ ಬಿಡ್ತವು. ಈಗ ಮರ ಬಿಟ್ಟು ಫೈಬರಿನ ಹಿಡಿ ಹಾಕುದುದೇ ಇದಕ್ಕೇ. ಚೆಂದ ಕಮ್ಮಿ, ಮಳೆಗೆ ಮಾತ್ರ ಬಗ್ಗುತ್ತಿಲ್ಲೆ.

ಚಿಲಕದ ವಿಷಯಲ್ಲಿ ಅಮೆರಿಕದ ಒಂದು ಕತೆ ಇದ್ದು. ವಿಂಚೆಸ್ಟರ್ ಕಂಪೆನಿ 1936ರಲ್ಲಿ ಮಾಡೆಲ್ 70 ಹೇಳಿ ಒಂದು ರೈಫಲು ತೆಗದತ್ತು, ಮೌಸರಿನ ಆ ಉದ್ದ ಕೊಕ್ಕೆ ಅದರಲ್ಲಿ ಇತ್ತಿದ್ದು. 1964ರಲ್ಲಿ ಖರ್ಚು ಕಮ್ಮಿ ಮಾಡುಲೆ ಅದರ ತೆಗದು ಸಣ್ಣದೊಂದು ಹಾಕಿದವು. ಬೇಟೆಗಾರರು ಒಪ್ಪಿದ್ದವಿಲ್ಲೆ. ಇಂದಿಂಗೂ 1964ರ ಮದಲಾಣದ್ದರ ಹುಡ್ಕಿ ಹೆಚ್ಚು ಪೈಸೆ ಕೊಟ್ಟು ತೆಗೆತ್ತವು. ಕಾಸು ಉಳಿವಲ್ಲಿ ಸುರುವಿಂಗೆ ಹೋಪದು ಕಣ್ಣಿಂಗೆ ಕಾಣದ್ದ ಭಾಗವೇ, ಅದು ಬೆಡಿಲಿ ಮಾತ್ರ ಅಲ್ಲನ್ನೆ, ಮಿಕ್ಸಿಲಿಯೂ ಹಾಂಗೇ.

ಇಷ್ಟು ನೋಡಿದ ಮತ್ತೆಯೂ ಜಾಗೆ ಎಂತದು ಹೇಳ್ತದು ದೊಡ್ಡ ಪ್ರಶ್ನೆ. ಬೆಂಗ್ಳೂರಿನ ಕೆನೆತ್ ಆಂಡರ್ಸನ್ ಹೆಚ್ಚಾಗಿ ಹಿಡುದ್ದು .405 ವಿಂಚೆಸ್ಟರ್. ಅದು ಚಿಲಕದ್ದಲ್ಲ, ಟ್ರಿಗರಿನ ಹತ್ತರಾಣ ಹಿಡಿಯ ಕೆಳ-ಮೇಗೆ ಮಾಡಿ ತೋಟೆ ತುಂಬುಸುವ ಜಾತಿ. ಗುಂಡು ದಪ್ಪ, ಬೇಗ ಇಳಿತ್ತು. ಆದರೆ ಅವನದ್ದು ನಮ್ಮ ಹೊಡೆಯ ಕುರುಚಲು ಕಾಡು, ಬಿದಿರ ಮೆಳೆ; ಅಲ್ಲಿ ಇನ್ನೂರು ಮೀಟರು ಕಾಣುತ್ತು ಹೇಳುದೇ ಅಪರೂಪ. ಅವಂಗೆ ಅದು ಸಾಕು. ದೂರದ ಚಿಲಕದ ರೈಫಲು ಹುಟ್ಟಿದ್ದು ಬಯಲಿಂಗೆ, ಬೋಳು ಬೆಟ್ಟಕ್ಕೆ.

ಬಾವಂಗೆ ಆನು ಹೇಳಿದ್ದು ಇದುವೇ. ನಿಂಗಳ ಆಚ ಗುಡ್ಡೆ ಬೋಳು ಬೆಟ್ಟ ಅಲ್ಲ ಬಾವ. ಅದರ ಹಿಂದೆ ಎರಡು ಮನೆ, ರಬ್ಬರು ತೋಟ, ಉದಿಯಪ್ಪಗ ಟ್ಯಾಪಿಂಗಿಂಗೆ ಬಪ್ಪೋರು. ಚರೆ ಸ್ವಲ್ಪ ದೂರ ಹೋಗಿ ಬೀಳ್ತು. .315ರ ಗುಂಡು ತಪ್ಪಿರೆ ಕಿಲೋಮೀಟರುಗಟ್ಲೆ ಹೋಕು. ಕಾಲಿಂಗೆ ತಾಗಿದ ಹಂದಿ ಕತ್ತಲೆಲಿ ಓಡಿ ತೋಟದ ಕಣಿಲಿ ಬಿದ್ದೊಂಡಿದ್ದರೆ, ಮರುದಿನ ಅಡಕ್ಕೆ ಹೆರ್ಕುಲೆ ಹೋಪದು ಅಕ್ಕನೇ, ನಿಂಗೊ ಅಲ್ಲ. ಅನುಮತಿ ಕಾಗದಲ್ಲಿ ಹಂದಿ ಹೇಳಿ ಇಕ್ಕು, ಗಾಯದ ಹಂದಿಯ ಹುಡ್ಕಿ ಮುಗುಶೆಕ್ಕಾದ ಕೆಲಸ ಆರದ್ದು? ಬಾವ° ರಜ್ಜ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ, "ಅಂಬಗ ಬೇಲಿಯೇ ಗಟ್ಟಿ ಮಾಡೆಕ್ಕು ಹೇಳ್ತೆಯಾ?" ಕೇಳಿದವು. ಬೇಲಿಯ ವಿಷಯಲ್ಲಿ ಅಕ್ಕಂಗೆ ಅಂದಿಂದಲೇ ಒಂದು ಅಭಿಪ್ರಾಯ ಇತ್ತು, ಅದು ಬೇರೆ ಸಂಗತಿ.

1972ರ ವನ್ಯಜೀವಿ ಕಾನೂನು ಬಂದ ಮತ್ತೆ ನಮ್ಮಲ್ಲಿ ಬೇಟೆಗೆ ರೈಫಲು ಆಯ್ಕೆ ಮಾಡುವ ಪ್ರಶ್ನೆಯೇ ಇಲ್ಲೆ. ಅಮೆರಿಕ, ಯುರೋಪು, ಆಫ್ರಿಕಲ್ಲಿ ಅದು ಈಗಳೂ ನೆಡೆತ್ತು. ಅಲ್ಲಿಯೂ ಒಳ್ಳೆ ಬೇಟೆಗಾರರು ಗುಂಡು ಎಷ್ಟು ದೂರಕ್ಕೆ ಎತ್ತುತ್ತು ಹೇಳಿ ನೋಡ್ತವಿಲ್ಲೆ. ಗುರಿಹಲಗೆಲಿ ನೂರು ಗಜಕ್ಕೆ ಒಂದು ಇಂಚಿನ ಒಳ ಬೀಳ್ತ ರೈಫಲು ಮುನ್ನೂರು ಗಜಕ್ಕೆ ಮೂರು ಇಂಚಿನ ಒಳ ಬೀಳ್ತು. ಆದರೆ ಗುಡ್ಡೆ ಹತ್ತಿ ಏದುಸಿರು ಬಿಟ್ಟೊಂಡು, ಗಾಳಿಲಿ, ಎಂತದಕ್ಕೂ ಆನಿಸದ್ದೆ ಹೊಡವಗ ತನ್ನ ಕೈ ಎಷ್ಟು ದೂರದ ವರೆಗೆ ಸರಿ ಇದ್ದು ಹೇಳಿ ಮದಲೇ ಹೊಡದು ನೋಡಿ, ಅದರಿಂದ ಆಚಿಕೆ ಇಪ್ಪದರ ಬಿಡ್ತವು.

ಕಾರ್ಬೆಟ್ಟ ಆ .275ರ ತೆಕ್ಕೊಂಡು ಸುಮಾರು ವರ್ಷ ಬೆಟ್ಟ ಸುತ್ತಿದ°. ರುದ್ರಪ್ರಯಾಗದ ಚಿರತೆ 125 ಜೆನರ ಕೊಂದಿತ್ತಿದ್ದು. ಅದಕ್ಕೂ 1921ರಲ್ಲಿ ಒಬ್ಬ° ಆಫೀಸರ° ಹೊಡದ ಗುಂಡು ಪಾದಕ್ಕೆ ತಾಗಿ ತಪ್ಪಿ ಹೋಗಿತ್ತು. ಮತ್ತೆ ಐದು ವರ್ಷ ಅದು ಮನುಷ್ಯರ ತಿಂದತ್ತು. 1926ರ ಮೇ ತಿಂಗಳ ಸುರುವಿಲಿ, ಗುಲಾಬ್‌ರಾಯಿಯ ಮಾವಿನ ಮರಲ್ಲಿ ಸುಮಾರು ಇರುಳು ಕೂದ ಮತ್ತೆ, ಕೆಳ ಕಟ್ಟಿದ ಆಡಿನ ಕೊರಳ ಗಂಟೆ ಕೇಳಿತ್ತು. ಬಯಲಿಲಿ ದೂರಕ್ಕೆ ಹೊಡವಲೆ ಹೇಳಿ ಹುಟ್ಟಿದ ತೋಟೆ, ಅಂದು ಹೊಡದ್ದು ಮರದ ಬುಡದಷ್ಟು ಹತ್ತರಕ್ಕೆ. ಟಾರ್ಚಿನ ಬೆಣಚ್ಚಿಲಿ ಒಂದೇ ಈಡು. ಟಾರ್ಚು ಹೋತು, ಕಾರ್ಬೆಟ್ಟ ಕತ್ತಲೆಲಿ ಕೂದ°, ಉದಿಯಪ್ಪಗ ಇಳುದು ನೋಡಿರೆ ಚಿರತೆ ಸತ್ತು ಬಿದ್ದೊಂಡಿತ್ತು. 1955ರಲ್ಲಿ ಕಾರ್ಬೆಟ್ಟ ತೀರಿಹೋದ ಮತ್ತೆ ಆ ರೈಫಲು ಅವನ ಪುಸ್ತಕ ಅಚ್ಚು ಹಾಕಿದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿಂಗೆ ಹೋತು. 2015ರಲ್ಲಿ ರಿಗ್ಬಿಯೋರೇ ಅದರ ತಿರುಗಿ ತೆಕ್ಕೊಂಡವು. ಚಂಪಾವತದ ಹುಲಿಯ ಕೊಂದದಕ್ಕೆ ಕೊಟ್ಟದು ಹೇಳಿ ಬರದ ಬೆಳ್ಳಿಯ ತಗಡು ಇನ್ನೂ ಅದರ ಮರಲ್ಲಿ ಇದ್ದು.