ಮೌಗ್ಲಿಯ ಕಾಡು, ಮೊಮ್ಮಗಳ ಹುಟ್ಟುಹಬ್ಬ

ಈಚಿನ ವರ್ಷಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ‘ಥೀಮ್’ ಎಂಬುದೊಂದು ಬಂದು ಸೇರಿಕೊಂಡಿದೆ. ಯಾವುದಾದರೊಂದು ಸಿನಿಮಾ ಆರಿಸಿಕೊಳ್ಳಬೇಕು. ಆಮೇಲೆ ಬಾಗಿಲಿನ ಬ್ಯಾನರಿನಿಂದ ಹಿಡಿದು ಕೇಕು, ತಟ್ಟೆ, ಲೋಟ, ಮಗುವಿನ ಉಡುಪು, ಬಂದವರ ಕೈಗೆ ಕೊಡುವ ಉಡುಗೊರೆಯವರೆಗೆ ಎಲ್ಲವೂ ಆ ಸಿನಿಮಾದ ಬಣ್ಣದಲ್ಲೇ ಇರಬೇಕು. ದೊಡ್ಡ ನಗರಗಳಲ್ಲಿ ಮಾತ್ರವಲ್ಲ, ನಮ್ಮಂಥ ತಾಲ್ಲೂಕು ಊರುಗಳಲ್ಲೂ ಇದನ್ನು ಗುತ್ತಿಗೆಗೆ ಹಿಡಿದು ಮಾಡಿಕೊಡುವ ಅಂಗಡಿಗಳಿವೆ. ಮುಂದಿನ ತಿಂಗಳು ನನ್ನ ಮೊಮ್ಮಗಳಿಗೆ ಎರಡು ತುಂಬುತ್ತದೆ. ಅವಳ ಹಬ್ಬಕ್ಕೆ ಗೊತ್ತಾಗಿರುವ ಸಿನಿಮಾ ‘ಜಂಗಲ್ ಬುಕ್’.

ಆರಿಸಿದ್ದು ಮಗುವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕೆ ಸದ್ಯಕ್ಕೆ ಆನೆ ಮತ್ತು ಬಾಳೆಹಣ್ಣು, ಇವೆರಡು ಗೊತ್ತಾದರೆ ಸಾಕಾಗಿದೆ. ಆರಿಸಿದವರು ನಮ್ಮ ಅಳಿಯಂದಿರು. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಮೌಗ್ಲಿಯ ಕಾರ್ಟೂನನ್ನು ನೋಡಿಕೊಂಡು ಬೆಳೆದವರು ಅವರು. ಅದು 1989ರಲ್ಲಿ ಜಪಾನಿನವರು ತಯಾರಿಸಿದ ಧಾರಾವಾಹಿ. ನಮ್ಮಲ್ಲಿಗೆ ಬಂದಾಗ ಗುಲ್ಜಾರ್ ಅದಕ್ಕೊಂದು ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಹಿಂದಿ ಬಾರದ ಮಕ್ಕಳೂ ಆ ಹಾಡನ್ನು ಬೀದಿಯಲ್ಲಿ ಕೂಗಿಕೊಂಡು ಓಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯವರು ತೋರಿಸುವ ಬ್ಯಾನರಿನಲ್ಲಿರುವುದು ಆ ಮೌಗ್ಲಿಯಲ್ಲ, ಅಮೆರಿಕದ ಡಿಸ್ನಿ ಕಂಪೆನಿಯ 1967ರ ಚಿತ್ರದ ಮೌಗ್ಲಿ. ಅದೇ ಕಂಪೆನಿ 2016ರಲ್ಲಿ ಮತ್ತೊಮ್ಮೆ ಆ ಕಥೆಯನ್ನು ಚಿತ್ರ ಮಾಡಿತು. ಹೀಗೆ ತಲೆಮಾರಿಗೊಬ್ಬ ಮೌಗ್ಲಿ.

ಎಲ್ಲವೂ ಸುಗಮವಾಗಿ ನಡೆಯುತ್ತಿದ್ದಾಗ ಬೀಗಿತ್ತಿಯವರು ಒಂದು ಮಾತು ಎತ್ತಿದರು. “ಅಲ್ಲಾರೀ, ಹೆಣ್ಣುಮಗೂಗೆ ಮೌಗ್ಲಿ ವೇಷ ಯಾಕೆ? ಅದು ಗಂಡುಹುಡುಗನ ಕತೆ. ಚೆನ್ನಾಗಿ ಲಂಗ ಹಾಕಿ ರಾಧೆ ಮಾಡೋಣ, ಇಲ್ಲಾಂದ್ರೆ ಆ ರಾಜಕುಮಾರಿ ಸಿನಿಮಾ ಇದೆಯಲ್ಲ, ಅದನ್ನ ಮಾಡೋಣ. ನೀವು ಟೀಚರು, ನೀವೇ ಹೇಳಿ.” ಸಮಾಜ ವಿಜ್ಞಾನ ಕಲಿಸುವವಳಿಗೆ ‘ನೀವೇ ಹೇಳಿ’ ಎಂದರೆ ಮುಗಿಯಿತು. ಈ ಮೌಗ್ಲಿ ಯಾರಿಗಾಗಿ ಹುಟ್ಟಿದ, ಎಲ್ಲಿಂದ ಹೊರಟು ನಮ್ಮ ಹಾಲಿನ ಗೋಡೆಗೆ ಬಂದ ಎಂದು ಹುಡುಕಿಕೊಂಡು ಹೊರಟೆ.

ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು ಮುಂಬಯಿಯಲ್ಲಿ, 1865ರ ಡಿಸೆಂಬರ್ 30ರಂದು. ಓದಿಗೆಂದು ಇಂಗ್ಲೆಂಡಿಗೆ ಹೋಗಿ ಹದಿಹರೆಯದಲ್ಲಿ ಮರಳಿ ಬಂದು, ಲಾಹೋರ್ ಮತ್ತು ಅಲಹಾಬಾದಿನಲ್ಲಿ ಪತ್ರಕರ್ತನಾಗಿದ್ದ. 1892ರಲ್ಲಿ ಅಮೆರಿಕದ ಹೆಣ್ಣುಮಗಳು ಕ್ಯಾರೋಲಿನ್‌ಳನ್ನು ಮದುವೆಯಾಗಿ ಆಕೆಯ ತವರಿನ ಕಡೆಯ ವರ್ಮಾಂಟ್ ರಾಜ್ಯದಲ್ಲಿ ಸಂಸಾರ ಹೂಡಿದ. ಅದು ಚಳಿಗಾಲದಲ್ಲಿ ಹಿಮ ಬಿದ್ದು ಮನೆಗಳೆಲ್ಲ ಹೂತುಹೋಗುವ ಸೀಮೆ. ಆ ವರ್ಷ ಡಿಸೆಂಬರ್ 29ರ ರಾತ್ರಿ ಅವರ ಚೊಚ್ಚಲ ಮಗು ಹುಟ್ಟಿತು. ಮರುದಿನ 30 ತಂದೆಯ ಹುಟ್ಟಿದ ದಿನ, ಅದರ ಮರುದಿನ 31 ತಾಯಿಯದು. ಮೂರು ದಿನ ಸಾಲಾಗಿ ಮೂವರ ಹುಟ್ಟುಹಬ್ಬ ಬರುವ ಮನೆ! ಆ ಮಗು ಹೆಣ್ಣು. ಹೆಸರು ಜೋಸೆಫೀನ್.

ಆ ಹಿಮದ ನಡುವೆ ಕುಳಿತೇ ಕಿಪ್ಲಿಂಗ್ ಮಧ್ಯಭಾರತದ ಸಿವನಿಯ ಕಾಡನ್ನೂ, ತೋಳಗಳು ಸಾಕಿದ ಹುಡುಗನನ್ನೂ, ಭಾಲೂ ಎಂಬ ಕರಡಿಯನ್ನೂ ಶೇರ್ ಖಾನ್ ಎಂಬ ಹುಲಿಯನ್ನೂ ಬರೆದದ್ದು. ಪುಸ್ತಕ 1894ರಲ್ಲಿ ಅಚ್ಚಾಯಿತು. ಅದರ ಮೊದಲ ಮುದ್ರಣದ ಒಂದು ಪ್ರತಿ, ಇಂಗ್ಲೆಂಡಿನಲ್ಲಿ ಅವನ ಎರಡನೆಯ ಮಗಳು ಎಲ್ಸಿ ಬಾಳಿ ಬದುಕಿದ್ದ ವಿಂಪೋಲ್ ಹಾಲ್ ಎಂಬ ಮನೆಯ ಪುಸ್ತಕಭಂಡಾರದಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇತ್ತು. 2010ರಲ್ಲಿ ಅದು ಬೆಳಕಿಗೆ ಬಂತು. ಒಳಹಾಳೆಯಲ್ಲಿ ಕಿಪ್ಲಿಂಗನ ಕೈಬರಹ. ಈ ಪುಸ್ತಕ ಜೋಸೆಫೀನಳದು, ಅವಳ ತಂದೆ ಇದನ್ನು ಬರೆದದ್ದೇ ಅವಳಿಗಾಗಿ ಎಂದು ಬರೆದು 1894ರ ಮೇ ತಿಂಗಳನ್ನು ನಮೂದಿಸಿದ್ದಾನೆ. ಆಗ ಅವಳಿಗೆ ಇನ್ನೂ ಒಂದೂವರೆ ವರ್ಷ ಕೂಡ ತುಂಬಿರಲಿಲ್ಲ. ನನ್ನ ಮೊಮ್ಮಗಳಿಗಿಂತ ಚಿಕ್ಕವಳು.

ಬೀಗಿತ್ತಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಥೆಯಲ್ಲಿರುವವನು ಹುಡುಗನಿರಬಹುದು, ಆದರೆ ಕಥೆ ಒಂದು ಹೆಣ್ಣುಮಗುವಿನ ಸ್ವತ್ತು. ಇದನ್ನು ಹೇಳಿದಾಗ ಬೀಗಿತ್ತಿಯವರು, “ಹಾಗಿದ್ರೆ ಸರಿ ಬಿಡಿ, ಆ ಮಗು ಆಮೇಲೆ ಏನಾದ್ಲು?” ಎಂದು ಕೇಳಿದರು. ತಾಯಂದಿರು ಕೇಳುವ ಪ್ರಶ್ನೆಯೇ ಅದು. 1899ರ ಚಳಿಗಾಲದಲ್ಲಿ ಸಂಸಾರ ಸಮೇತ ಹಡಗಿನಲ್ಲಿ ನ್ಯೂಯಾರ್ಕಿಗೆ ಹೋದಾಗ ತಂದೆ ಮಗಳಿಬ್ಬರಿಗೂ ನ್ಯುಮೋನಿಯ ಹಿಡಿಯಿತು. ತಂದೆ ಸಾವಿನ ಬಾಗಿಲಿಗೆ ಹೋಗಿ ಬಂದ. ಮಗಳು ಬರಲಿಲ್ಲ. ಮಾರ್ಚ್ 6ರಂದು ತೀರಿಕೊಂಡಾಗ ಅವಳಿಗೆ ಆರು ವರ್ಷ. ತಂದೆಯ ಸ್ಥಿತಿ ಎಷ್ಟು ಬಿಗಡಾಯಿಸಿತ್ತೆಂದರೆ ಈ ಸುದ್ದಿಯನ್ನು ಅವನಿಗೆ ಕೂಡಲೇ ತಿಳಿಸಲೂ ಇಲ್ಲ. ಅವಳಿಗೆ ಮಲಗುವಾಗ ಹೇಳುತ್ತಿದ್ದ ಕಥೆಗಳನ್ನು, ಒಂದು ಪದವೂ ಬದಲಾಗದಂತೆ ಹೇಳಬೇಕೆಂದು ಅವಳು ಹಟ ಹಿಡಿಯುತ್ತಿದ್ದ ಕಥೆಗಳನ್ನು, ಆಮೇಲೆ 1902ರಲ್ಲಿ ಅವನು ಪುಸ್ತಕ ಮಾಡಿದ. ಬ್ರಿಟಿಷರು ನಮ್ಮನ್ನು ಆಳಬೇಕಾದದ್ದೇ ಸರಿ ಎಂದು ನಂಬಿದ್ದ ಮನುಷ್ಯ ಅವನು. ಅದನ್ನು ತರಗತಿಯಲ್ಲಿ ನಾನು ಮುಚ್ಚಿಡುವುದಿಲ್ಲ. ಆದರೆ ಮಗಳನ್ನು ಕಳೆದುಕೊಂಡ ತಂದೆಯ ವಿಷಯದಲ್ಲಿ ಆ ಲೆಕ್ಕ ತೆಗೆಯಲು ಮನಸ್ಸು ಬರುವುದಿಲ್ಲ.

ಇನ್ನು ಸಿನಿಮಾದ ಮಾತು. ಡಿಸ್ನಿಯವರಿಗಿಂತ ಕಾಲು ಶತಮಾನ ಮೊದಲೇ, 1942ರಲ್ಲಿ, ಹಾಲಿವುಡ್ಡಿನಲ್ಲಿ ಒಂದು ‘ಜಂಗಲ್ ಬುಕ್’ ಬಂದಿತ್ತು. ಅದರಲ್ಲಿ ಮೌಗ್ಲಿಯಾದವನು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದವನು ಎಂದರೆ ನಮ್ಮ ಅಳಿಯಂದಿರು ನಂಬಲೇ ಇಲ್ಲ. ಅವರು ಕಬಿನಿಗೆ ಎರಡು ಸಲ ಹೋಗಿ ಹುಲಿ ನೋಡಿಕೊಂಡು ಬಂದವರು!

ಆ ಹುಡುಗನ ಹೆಸರು ಸಾಬು. ಹುಟ್ಟಿದ್ದು 1924ರಲ್ಲಿ, ಮಾವುತನ ಮಗ. ಸಾಕ್ಷ್ಯಚಿತ್ರಗಳಿಗೆ ಹೆಸರಾದ ರಾಬರ್ಟ್ ಫ್ಲಾಹರ್ಟಿ ಕಿಪ್ಲಿಂಗನದೇ ಇನ್ನೊಂದು ಕಥೆಯನ್ನು, ಅಂದರೆ ಆನೆಗಳ ಟೂಮಾಯಿಯ ಕಥೆಯನ್ನು, ಚಿತ್ರ ಮಾಡಲು 1935ರಲ್ಲಿ ಮೈಸೂರಿಗೆ ಬಂದ. ಆನೆಗೆ ಹೆದರದ ಹುಡುಗನೊಬ್ಬ ಬೇಕಾಗಿತ್ತು. ಮಹಾರಾಜರ ಆನೆಗಳ ನಡುವೆ ಬೆಳೆಯುತ್ತಿದ್ದ ಸಾಬು ಸಿಕ್ಕಿದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು, ಹುಡುಗ ಲಂಡನ್ನಿಗೆ ಹೋದ. 1940ರಲ್ಲಿ ‘ಥೀಫ್ ಆಫ್ ಬಾಗ್ದಾದ್’, ಆಮೇಲೆ ಮೌಗ್ಲಿ. ಆ ಚಿತ್ರದ ಕಾಡನ್ನು ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ್ದರು. 1944ರಲ್ಲಿ ಅವನು ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಅವರ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೋವಿ ಹಿಡಿದು ಕೂತ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಮೂವತ್ತೊಂಬತ್ತು. ನಮ್ಮ ಪಠ್ಯಪುಸ್ತಕದಲ್ಲಿ ನಾನು ಅವನ ಹೆಸರನ್ನು ಕಂಡದ್ದಿಲ್ಲ.

ಈ ಇಬ್ಬರು ಮಕ್ಕಳ ಕಥೆ ತಿಳಿದ ಮೇಲೆ, ಅಸಲಿಗೆ ಹುಟ್ಟುಹಬ್ಬವನ್ನು ಏಕೆ ಮಾಡುತ್ತೇವೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ನಮ್ಮ ಮನೆಗಳಲ್ಲಿ ಹಿಂದೆ ನಡೆಯುತ್ತಿದ್ದುದು ವರ್ಧಂತಿ. ತಾರೀಖಿನ ಪ್ರಕಾರವಲ್ಲ, ತಿಥಿಯ ಇಲ್ಲವೇ ನಕ್ಷತ್ರದ ಪ್ರಕಾರ. ಎಣ್ಣೆನೀರು, ಹೊಸ ಬಟ್ಟೆ, ಆರತಿ, ಹೆಸರುಬೇಳೆ ಪಾಯಸ. ಪುರೋಹಿತರು ಬರುವ ಮನೆಗಳಲ್ಲಿ ಮಾರ್ಕಂಡೇಯನ ಪೂಜೆ, ಏಳು ಮಂದಿ ಚಿರಂಜೀವಿಗಳ ಸ್ಮರಣೆ, ಎಳ್ಳು ಬೆಲ್ಲ ಬೆರೆಸಿದ ಹಾಲು. ಮಾರ್ಕಂಡೇಯನೆಂದರೆ ಹದಿನಾರಕ್ಕೇ ಸಾಯಬೇಕಾಗಿದ್ದು ಉಳಿದುಕೊಂಡ ಹುಡುಗ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ, ಇವರೆಲ್ಲ ಸಾವಿಲ್ಲದವರು. ಯೋಚಿಸಿ ನೋಡಿ, ಆ ಪೂಜೆಯಲ್ಲಿ ಕೇಳುವುದು ಒಂದೇ ಒಂದನ್ನು: ಮಗು ಉಳಿಯಲಿ.

ಕೇಳಲು ಕಾರಣವಿತ್ತು. ನಮ್ಮಜ್ಜಿ ಒಂಬತ್ತು ಹೆತ್ತು ಐದು ಉಳಿಸಿಕೊಂಡವರು. ಅದನ್ನು ಅವರು ಅಳುತ್ತ ಹೇಳುತ್ತಿರಲಿಲ್ಲ, ಸೌದೆ ಲೆಕ್ಕ ಹೇಳಿದ ಹಾಗೆ ಹೇಳುತ್ತಿದ್ದರು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಕಸದಂಥ ಹೆಸರಿದ್ದರೆ ಸಾವು ಮುಟ್ಟದೆ ಹೋದೀತು ಎಂಬ ಆಸೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಮೊದಲ ವರ್ಷ ದಾಟುತ್ತಿರಲಿಲ್ಲ. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ, ಕರ್ನಾಟಕದಲ್ಲಿ 19ಕ್ಕೆ ಇಳಿಯಿತು. ಜೋಸೆಫೀನಳ ಕಾಲಕ್ಕೆ ಪೆನಿಸಿಲಿನ್ ಇರಲಿಲ್ಲ. 2021ರಲ್ಲಿ ನ್ಯುಮೋನಿಯ ತಡೆಯುವ ಒಂದು ಲಸಿಕೆಯನ್ನು ಸರ್ಕಾರ ದೇಶದ ಎಲ್ಲ ಕಡೆ ಪುಕ್ಕಟೆಯಾಗಿ ಕೊಡಲು ಆರಂಭಿಸಿತು. ನನ್ನ ಮೊಮ್ಮಗಳ ತಾಯಿ ಕಾರ್ಡಿನಲ್ಲಿ ಅದರ ಮೂರು ಗುರುತುಗಳೂ ಬಿದ್ದಿವೆ.

ಇನ್ನೊಂದು ವಿಷಯವನ್ನು ಹೆಂಗಸರಾದ ನಾವು ನೆನೆಯಬೇಕು. ಹುಟ್ಟಿದ ದಿನ ಬರೆದಿಟ್ಟುಕೊಳ್ಳುವ ಭಾಗ್ಯ ಹೆಣ್ಣುಮಕ್ಕಳಿಗೆ ತಡವಾಗಿ ಬಂತು. ನಮ್ಮಮ್ಮ ಹುಟ್ಟಿದ್ದು ‘ಕೆರೆ ಕೋಡಿ ಬಿದ್ದ ವರ್ಷ, ಗೌರಿ ಹಬ್ಬ ಆಗಿ ಒಂದು ವಾರಕ್ಕೆ’. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಮಾವಂದಿರಿಗೆ ಮಾತ್ರ ಜಾತಕವಿತ್ತು, ವರ್ಧಂತಿಯೂ ನಡೆಯುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತಿರುವಿದರೆ ಪುಟಪುಟಗಳಲ್ಲೂ ಹುಟ್ಟಿದ ದಿನ ಜೂನ್ 1. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಹೊಂದಲಿ ಎಂದು ಮೇಷ್ಟ್ರು ಹಿಂದಕ್ಕೆ ಎಣಿಸಿ ಬರೆದ ದಿನ ಅದು. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾಯಿದೆ ಬಂದದ್ದೇ 1969ರಲ್ಲಿ. ಇಂಥ ಮನೆತನದ ಹುಡುಗಿಯೊಬ್ಬಳ ಹೆಸರು ಬ್ಯಾನರಿನ ಮೇಲೆ ಬರುತ್ತಿದೆಯೆಂದಾಗ, ಇದೆಲ್ಲ ದುಂದು ಎಂದು ಮೂಗು ಮುರಿಯಲು ನನಗೆ ಆಗಲಿಲ್ಲ.

ಆ ಇಂಗ್ಲಿಷ್ ಹಾಡು ಬೇಡವೆಂದೂ ಕೆಲವರು ಹೇಳಿದರು. ಅದರ ಮೂಲವೂ ಶಾಲೆಯಲ್ಲೇ ಇದೆ. ಅಮೆರಿಕದ ಕೆಂಟಕಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದ ಪ್ಯಾಟಿ ಹಿಲ್, ಆಕೆಯ ಅಕ್ಕ ಮಿಲ್ಡ್ರೆಡ್ ಇಬ್ಬರೂ ಸೇರಿ ಮಕ್ಕಳು ಬೆಳಿಗ್ಗೆ ನಮಸ್ಕಾರ ಹೇಳಲೆಂದು ಮಾಡಿದ ಹಾಡು, 1893ರಲ್ಲಿ ಅಚ್ಚಾದದ್ದು. ಆ ರಾಗಕ್ಕೇ ಹುಟ್ಟುಹಬ್ಬದ ಮಾತುಗಳು ಆಮೇಲೆ ಸೇರಿಕೊಂಡವು. ಅದನ್ನು ಸಿನಿಮಾದಲ್ಲಿ ಹಾಡಿಸಿದವರು ಒಂದು ಕಂಪೆನಿಗೆ ಹಣ ತೆರಬೇಕಾಗಿತ್ತು. 2015ರಲ್ಲಿ ನ್ಯಾಯಾಲಯ ಆ ಹಕ್ಕು ನಿಲ್ಲದೆಂದಿತು, ಮರುವರ್ಷ ಹಾಡು ಎಲ್ಲರದಾಯಿತು. ಇಬ್ಬರು ಟೀಚರಮ್ಮಂದಿರ ಹಾಡನ್ನು ಬೇಡವೆನ್ನಲು ನಾನು ಯಾರು?

ಆದ್ದರಿಂದ ನಾವೆಲ್ಲ ಕೂತು ಗೊತ್ತು ಮಾಡಿಕೊಂಡದ್ದು ಇಷ್ಟು. ನಕ್ಷತ್ರದ ದಿನ ಬೆಳಿಗ್ಗೆ ಮನೆಮಟ್ಟಿಗೆ ಎಣ್ಣೆನೀರು, ಆರತಿ, ಎಳ್ಳುಬೆಲ್ಲದ ಹಾಲು. ತಾರೀಖಿನ ದಿನ ಸಂಜೆ ನಾಲ್ಕೂವರೆಗೆ ಮೌಗ್ಲಿ, ಆರಕ್ಕೆ ಮುಗಿಯಬೇಕು. ಎರಡು ವರ್ಷದ ಮಗುವನ್ನು ರಾತ್ರಿ ಒಂಬತ್ತರವರೆಗೆ ದೀಪಗಳ ಕೆಳಗೆ ಕೂರಿಸಿದರೆ ಫೋಟೋದಲ್ಲಿ ಬರುವುದು ಅಳು ಮಾತ್ರ. ಹಾಲ್ ಬೇಡ, ನಮ್ಮ ಹಿತ್ತಲು ಸಾಕು. ಕಾಡಿಗೆ ಬಾಳೆಕಂದು, ಮಾವಿನ ಸೊಪ್ಪು, ತೆಂಗಿನ ಗರಿ. ಬಲೂನು ಕಡಿಮೆ, ಒಡೆದ ಚೂರುಗಳನ್ನು ಕೂಡಲೇ ಆರಿಸಲು ಒಬ್ಬರು ನಿಲ್ಲಬೇಕು. ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಹುಲಿಯ ಮುಖವಾಡ ಯಾರೂ ಹಾಕಬಾರದು. ಹೊಸ ಚಿತ್ರದ ಹುಲಿ ದೊಡ್ಡವರನ್ನೇ ಹೆದರಿಸುತ್ತದೆ. ಹಳೆಯ ಚಿತ್ರದಲ್ಲಿ ಆನೆಗಳು ಸಾಲಾಗಿ ಕವಾಯತು ಮಾಡುವ ಭಾಗವಿದೆ, ಅಷ್ಟನ್ನೇ ತೋರಿಸುವುದು. ಮಗುವಿಗೆ ಕೆಂಪು ಚಡ್ಡಿ, ಮೇಲೊಂದು ಹತ್ತಿಯ ಜುಬ್ಬ. ಬೀಗಿತ್ತಿಯವರು ಚಕ್ಕುಲಿ, ಕೇಸರಿಭಾತು ತಮ್ಮ ಜವಾಬ್ದಾರಿ ಎಂದಿದ್ದಾರೆ. ಬ್ಯಾನರಿನ ಪಕ್ಕದಲ್ಲಿ ಆನೆಯೇರಿದ ಸಾಬುವಿನ ಫೋಟೋ ಒಂದು ಇರುತ್ತದೆ, ಕೆಳಗೆ ಕನ್ನಡದಲ್ಲಿ ಅವನ ಹೆಸರು, ಊರು.

ಬಂದ ಮಕ್ಕಳಿಗೆ ಪ್ಲಾಸ್ಟಿಕ್ ಆಟಿಕೆಯ ಬದಲು ಪ್ರಾಣಿಗಳ ಒಂದೊಂದು ಚಿತ್ರಪುಸ್ತಕ ತಂದಿದ್ದೇನೆ. ದಿನಕ್ಕೆ ಎರಡೆರಡರಂತೆ ಒಳಹಾಳೆಯಲ್ಲಿ ಆಯಾ ಮಗುವಿನ ಹೆಸರು ಬರೆದು ಕೆಳಗೆ ತಿಂಗಳು, ವರ್ಷ ಹಾಕುತ್ತಿದ್ದೇನೆ. ಮೊಮ್ಮಗಳದನ್ನು ಇನ್ನೂ ಬರೆದಿಲ್ಲ. ಅದನ್ನು ಅವಳ ಅಪ್ಪನೇ ಬರೆಯಲಿ ಎಂದು ತೆಗೆದಿಟ್ಟಿದ್ದೇನೆ.