ಅದಾಲತ್ತಿನ ಪಂಡಿತರು: ತಜ್ಞಾಭಿಪ್ರಾಯದ ಒಂದು ಚಾರಿತ್ರಿಕ ಅಧ್ಯಾಯ (1772–1872)

ತನಗೆ ತಿಳಿಯದ ವಿಷಯವನ್ನು ನ್ಯಾಯಾಧೀಶನು ಬಲ್ಲವರಿಂದ ಕೇಳಿ ತಿಳಿಯುವುದು ನ್ಯಾಯದಾನದ ಹಳೆಯ ಕ್ರಮ. ಆದರೆ ಬಲ್ಲವನ ಮಾತನ್ನು ಅರಿಯದವನು ಪರೀಕ್ಷಿಸುವುದು ಹೇಗೆ? ಈಸ್ಟ್ ಇಂಡಿಯಾ ಕಂಪನಿಯ ನ್ಯಾಯಾಲಯಗಳಲ್ಲಿ ನೇಮಕಗೊಂಡಿದ್ದ ಪಂಡಿತರ ಇತಿಹಾಸವು ಈ ಪ್ರಶ್ನೆಯ ಇತಿಹಾಸವೂ ಆಗಿದೆ.

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಜಾರಿಗೆ ತಂದ ನ್ಯಾಯಾಡಳಿತ ಯೋಜನೆಯು ದಾಯ, ವಿವಾಹ, ಜಾತಿ ಹಾಗೂ ಧಾರ್ಮಿಕ ಆಚರಣೆಗಳ ವ್ಯಾಜ್ಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರವನ್ನೂ ಮುಸ್ಲಿಮರಿಗೆ ಕುರಾನಿನ ಕಾನೂನನ್ನೂ ಅನ್ವಯಿಸಬೇಕೆಂದು ವಿಧಿಸಿತು. ಅವುಗಳನ್ನು ವಿವರಿಸಲು ಪಂಡಿತರೂ ಮೌಲವಿಗಳೂ ನಿಯುಕ್ತರಾದರು. ನ್ಯಾಯಾಲಯವು ವ್ಯಾಜ್ಯದ ಸಾರವನ್ನು ಪ್ರಶ್ನೆಯ ರೂಪದಲ್ಲಿ ಮುಂದಿಡುತ್ತಿತ್ತು. ಪಂಡಿತನು ಶಾಸ್ತ್ರಾಧಾರಸಹಿತವಾಗಿ ಲಿಖಿತ ಉತ್ತರ ನೀಡುತ್ತಿದ್ದನು. ಈ ಉತ್ತರಕ್ಕೆ ‘ವ್ಯವಸ್ಥಾ’ ಎಂದು ಹೆಸರು.

ಇದೇ ಕಾಲದ ಇಂಗ್ಲೆಂಡಿನ ಪದ್ಧತಿ ಭಿನ್ನವಾಗಿತ್ತು. ನಾರ್ಫೋಕಿನ ವೆಲ್ಸ್ ಬಂದರಿನಲ್ಲಿ ಹೂಳು ತುಂಬಿದುದರ ಕಾರಣವನ್ನು ಕುರಿತ ವ್ಯಾಜ್ಯದಲ್ಲಿ, 1782ರಲ್ಲಿ, ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರು ಎಂಜಿನಿಯರ್ ಜಾನ್ ಸ್ಮೀಟನ್ ಅವರ ಅಭಿಪ್ರಾಯವನ್ನು ಸಾಕ್ಷ್ಯವೆಂದು ಅಂಗೀಕರಿಸಿದರು. ಅಲ್ಲಿ ತಜ್ಞನು ಪಕ್ಷಗಾರನು ಕರೆತಂದ ಸಾಕ್ಷಿ; ಎದುರು ಪಕ್ಷದ ಪಾಟೀಸವಾಲಿಗೆ ಒಳಪಡುವವನು. ಪಂಡಿತನಾದರೋ ನ್ಯಾಯಾಲಯದ ಅಧಿಕಾರಿ. ಅವನ ‘ವ್ಯವಸ್ಥಾ’ ಪಾಟೀಸವಾಲಿಗೆ ಒಳಪಡುವ ಸಾಕ್ಷ್ಯವಾಗಿರಲಿಲ್ಲ. ಸಂಸ್ಕೃತವರಿಯದ ನ್ಯಾಯಾಧೀಶನಿಗೆ ಅದನ್ನು ಒಪ್ಪುವುದು ಅಥವಾ ಸಂಶಯಿಸುವುದು ಎಂಬ ಎರಡೇ ದಾರಿಗಳಿದ್ದವು.

ಸಂಶಯವೇ ಮೇಲುಗೈ ಪಡೆಯಿತು. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿ 1783ರಲ್ಲಿ ಬಂದ ಸರ್ ವಿಲಿಯಂ ಜೋನ್ಸ್, ಪಂಡಿತರ ಮಾತನ್ನೇ ನಂಬಿ ನಡೆಯಲಾಗದೆಂದು ಸಂಸ್ಕೃತ ಕಲಿತರು. 1788ರಲ್ಲಿ ಅಧಿಕೃತ ಧರ್ಮಶಾಸ್ತ್ರ ಸಂಗ್ರಹವೊಂದನ್ನು ಸಿದ್ಧಪಡಿಸುವ ಯೋಜನೆಯನ್ನು ಕಾರ್ನ್‌ವಾಲಿಸ್ ಅವರ ಮುಂದಿಟ್ಟರು. ಜಗನ್ನಾಥ ತರ್ಕಪಂಚಾನನರು ಸಂಕಲಿಸಿದ ಆ ಗ್ರಂಥವನ್ನು ಜೋನ್ಸ್ ಮರಣಾನಂತರ ಕೋಲ್‌ಬ್ರೂಕ್ ಇಂಗ್ಲಿಷಿಗೆ ಅನುವಾದಿಸಿದರು. 1810ರಲ್ಲಿ ಕೋಲ್‌ಬ್ರೂಕ್ ಅವರೇ ‘ದಾಯಭಾಗ’ ಹಾಗೂ ‘ಮಿತಾಕ್ಷರಾ’ದ ದಾಯಪ್ರಕರಣಗಳ ಅನುವಾದವನ್ನು ಪ್ರಕಟಿಸಿದರು. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ರಚಿಸಿದ ವ್ಯಾಖ್ಯಾನವು ಹೀಗೆ ವಸಾಹತುಶಾಹಿ ನ್ಯಾಯಪೀಠದ ಕೈಪಿಡಿಯಾಯಿತು. ಗ್ರಂಥವು ಕೈಗೆ ಬಂದಂತೆ ಪಂಡಿತನ ಅಗತ್ಯ ಕ್ಷೀಣಿಸಿತು. 1864ರ ಹನ್ನೊಂದನೆಯ ಅಧಿನಿಯಮವು ಈ ಹುದ್ದೆಗಳನ್ನು ರದ್ದುಗೊಳಿಸಿತು.

ಆದರೆ ಗ್ರಂಥವು ಎಲ್ಲವನ್ನೂ ಹೇಳುತ್ತಿರಲಿಲ್ಲ. ರಾಮನಾಡಿನ ಜಮೀನ್ದಾರಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ, ಗಂಡನ ಅನುಮತಿಯಿಲ್ಲದೆ ಸಪಿಂಡರ ಸಮ್ಮತಿಯಿಂದ ವಿಧವೆಯು ಸ್ವೀಕರಿಸಿದ ದತ್ತು ಸಿಂಧುವೇ ಎಂಬ ಪ್ರಶ್ನೆ ಉದ್ಭವಿಸಿತು. 1868ರಲ್ಲಿ ಪ್ರಿವಿ ಕೌನ್ಸಿಲ್ ಆ ದತ್ತನ್ನು ಎತ್ತಿಹಿಡಿಯಿತು. ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಲಿಖಿತ ವಚನಕ್ಕಿಂತ ಬಲವತ್ತರವೆಂಬುದು ಅದರ ನಿಲುವು. ದಕ್ಷಿಣ ಭಾರತದಲ್ಲಿ ಆ ರೂಢಿಯಿತ್ತೆಂಬುದಕ್ಕೆ ಪರಿಗಣಿಸಿದ ಆಧಾರಗಳಲ್ಲಿ ಪಂಡಿತರ ಅಭಿಪ್ರಾಯಗಳೂ ಸೇರಿದ್ದವು ಎಂಬುದು ಗಮನಾರ್ಹ. ಹುದ್ದೆ ಅಳಿದ ನಾಲ್ಕು ವರ್ಷಗಳಲ್ಲಿ ಅವರ ಮಾತು ಸಾಕ್ಷ್ಯದ ರೂಪದಲ್ಲಿ ಮರಳಿ ಬಂದಿತು. ಅದೇ ದಶಕದಲ್ಲಿ ವೆಸ್ಟ್ ಮತ್ತು ಬ್ಯೂಲರ್, ಧಾರವಾಡ ಸೀಮೆಯನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದ ನ್ಯಾಯಾಲಯಗಳ ಶಾಸ್ತ್ರಿಗಳ ಉತ್ತರಗಳನ್ನು ಸಂಕಲಿಸಿ ಪ್ರಕಟಿಸಿದರು.

ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಅಧಿನಿಯಮವು ಈ ಅನುಭವದ ಬಳಿಕ ಬಂದುದು. ಅದರ 45ನೆಯ ಕಲಮು ವಿದೇಶೀ ಕಾನೂನು, ವಿಜ್ಞಾನ, ಕಲೆ ಹಾಗೂ ಕೈಬರಹದ ವಿಷಯದಲ್ಲಿ ತಜ್ಞರಿಗೆ ಎಡೆಗೊಟ್ಟಿತು. ಹಿಂದೂ ಕಾನೂನು ವಿದೇಶೀಯವಲ್ಲವಾದುದರಿಂದ ಅದನ್ನು ನ್ಯಾಯಾಧೀಶನೇ ಬಲ್ಲನೆಂದು ಭಾವಿಸಲಾಯಿತು. ಆದರೆ 48 ಮತ್ತು 49ನೆಯ ಕಲಮುಗಳು ರೂಢಿಯನ್ನೂ ಸಮುದಾಯದ ಆಚರಣೆಯನ್ನೂ ಬಲ್ಲವರ ಅಭಿಪ್ರಾಯವನ್ನು ಪ್ರಸ್ತುತವೆಂದು ಅಂಗೀಕರಿಸಿದವು. ಅಭಿಪ್ರಾಯಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತವೆಂದು 51ನೆಯ ಕಲಮು ಸೇರಿಸಿತು.

ಅರಿಯದವನು ಬಲ್ಲವನನ್ನು ಪರೀಕ್ಷಿಸುವ ದಾರಿ ಈ ಕೊನೆಯ ಕಲಮಿನಲ್ಲಿದೆ: ತೀರ್ಮಾನವನ್ನಲ್ಲ, ತೀರ್ಮಾನದ ಹಿಂದಿನ ಕಾರಣವನ್ನು ಕೇಳುವುದು. ಪಂಡಿತರ ‘ವ್ಯವಸ್ಥಾ’ಗಳಲ್ಲಿ ಶಾಸ್ತ್ರಾಧಾರವಿತ್ತು, ಅದನ್ನು ಬಹಿರಂಗವಾಗಿ ಪ್ರಶ್ನಿಸುವ ಏರ್ಪಾಡು ಇರಲಿಲ್ಲ. ಆ ಏರ್ಪಾಡನ್ನು ಕಲ್ಪಿಸುವ ಬದಲು ಪಂಡಿತನನ್ನೇ ಕೈಬಿಟ್ಟುದರಿಂದ, ಗ್ರಂಥಕ್ಕೆ ಸೇರದ ಪ್ರಾದೇಶಿಕ ರೂಢಿಯನ್ನು ಸಿದ್ಧಪಡಿಸುವ ಹೊಣೆ ವ್ಯಾಜ್ಯಗಾರನ ಹೆಗಲೇರಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ತಜ್ಞತೆಯನ್ನು ‘ಇತರ ಯಾವುದೇ ಕ್ಷೇತ್ರ’ಕ್ಕೂ ವಿಸ್ತರಿಸಿದೆ. ತಜ್ಞರ ಕ್ಷೇತ್ರ ಹಿಗ್ಗಿದಷ್ಟೂ, ಕಾರಣವನ್ನು ಕೇಳುವ ನ್ಯಾಯಾಲಯದ ಹೊಣೆಯೂ ಹಿಗ್ಗುತ್ತದೆ.