ಧೂಳನ್ನು ತಾನೇ ಖಾಲಿ ಮಾಡುವ ರೋಬೋಟ್ ವ್ಯಾಕ್ಯೂಂ ಕ್ಲೀನರ್: ಖರೀದಿಗೆ ಮುನ್ನ ಗ್ರಾಹಕರು ತಿಳಿದಿರಬೇಕಾದ ವಿಷಯಗಳು

ಗೃಹಬಳಕೆಯ ದುಬಾರಿ ಉಪಕರಣಗಳನ್ನು ಖರೀದಿಸುವ ನಾಗರಿಕರಿಗೆ ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಯಾವುದೇ ಕಂಪನಿಯ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ. ಕಂಪನಿಗಳ ಹೆಸರು ಬಂದಿರುವ ಕಡೆ ಅದು ಸಾರ್ವಜನಿಕವಾಗಿ ತಿಳಿದಿರುವ ಸಂಗತಿಯ ಉಲ್ಲೇಖ ಮಾತ್ರವಾಗಿರುತ್ತದೆ.

ಉಪಕರಣದ ಸ್ವರೂಪ

ನೆಲದ ಮೇಲೆ ತಾನಾಗಿ ಚಲಿಸಿ ಕಸ ಹೀರುವ ಯಂತ್ರಗಳು ಮಾರುಕಟ್ಟೆಗೆ ಬಂದು ಎರಡು ದಶಕಗಳು ಕಳೆದಿವೆ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿಯ ಟ್ರೈಲೋಬೈಟ್ 2001ರಲ್ಲಿಯೂ, ಅಮೆರಿಕದ ಐರೋಬಾಟ್ ಕಂಪನಿಯ ರೂಂಬಾ 2002ರಲ್ಲಿಯೂ ಮಾರಾಟಕ್ಕೆ ಬಂದವು. ಯಂತ್ರದೊಳಗಿನ ಕಸದ ಡಬ್ಬಿಯು ಬಹಳ ಚಿಕ್ಕದು. ಸಾಮಾನ್ಯವಾಗಿ ಅರ್ಧ ಲೀಟರಿಗಿಂತ ಕಡಿಮೆ. ಪ್ರತಿದಿನ ಅದನ್ನು ಕಳಚಿ ಕೊಡವುವ ಕೆಲಸ ಮನೆಯವರಿಗೇ ಉಳಿಯುತ್ತಿತ್ತು. 2018ರಲ್ಲಿ ರೂಂಬಾ ಐ7 ಪ್ಲಸ್ ಮಾದರಿಯು ಬಂದ ಮೇಲೆ, ಯಂತ್ರವು ಚಾರ್ಜ್ ಆಗಲು ಹೋಗಿ ನಿಲ್ಲುವ ಪೀಠವೇ ಅದರೊಳಗಿನ ಕಸವನ್ನು ಎಳೆದುಕೊಳ್ಳುವ ವ್ಯವಸ್ಥೆಯು ವ್ಯಾಪಕವಾಯಿತು. ಇಂದು ಮೇಲ್ದರ್ಜೆಯ ಮಾದರಿಗಳಲ್ಲಿ ಈ ಪೀಠವು ಒರೆಸುವ ಬಟ್ಟೆಯನ್ನು ತೊಳೆದು ಒಣಗಿಸುವ ಕೆಲಸವನ್ನೂ ಮಾಡುತ್ತದೆ. ಗ್ರಾಹಕರು ಹೆಚ್ಚಿನ ಹಣ ನೀಡುವುದು ವಾಸ್ತವವಾಗಿ ಈ ಪೀಠಕ್ಕೇ ಹೊರತು ಓಡಾಡುವ ಯಂತ್ರಕ್ಕಲ್ಲ. ಆದಕಾರಣ ಎರಡು ಮಾದರಿಗಳನ್ನು ಹೋಲಿಸುವಾಗ ಮೊದಲು ಪೀಠವನ್ನು ಪರಿಶೀಲಿಸತಕ್ಕದ್ದು.

ಚೀಲವಿರುವ ಪೀಠ ಮತ್ತು ಚೀಲವಿಲ್ಲದ ಪೀಠ

ಪೀಠಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಕಸವು ಕಾಗದ ಅಥವಾ ನಾರುಬಟ್ಟೆಯ ಚೀಲದೊಳಗೆ ಸೇರುತ್ತದೆ. ಚೀಲ ತುಂಬಿದಾಗ ಬಾಯಿ ಮುಚ್ಚಿ ಎಸೆದು ಹೊಸದನ್ನು ಹಾಕಬೇಕು. ಇನ್ನೊಂದರಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯಿರುತ್ತದೆ. ಅದನ್ನು ಕಾಲಕಾಲಕ್ಕೆ ಖಾಲಿ ಮಾಡಿ, ಒಳಗಿನ ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿ ಮತ್ತೆ ಬಳಸಬೇಕು.

ಮಾರಾಟಗಾರರು ಸಾಮಾನ್ಯವಾಗಿ ಚೀಲವು 60 ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ದಿನ ಬರುತ್ತದೆಂದು ತಿಳಿಸುತ್ತಾರೆ. ಕಿಟಕಿ ಬಾಗಿಲು ತೆರೆದಿಡುವ, ರಸ್ತೆಯ ಧೂಳು ನೇರವಾಗಿ ಒಳಬರುವ ಮನೆಗಳಲ್ಲಿ ಈ ಅವಧಿಯನ್ನು ಅರ್ಧವೆಂದೇ ಎಣಿಸುವುದು ಕ್ಷೇಮ. ಉದಾಹರಣೆಗೆ ಒಂದು ಚೀಲಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. 60 ದಿನಕ್ಕೊಂದರಂತೆ ವರ್ಷಕ್ಕೆ 6 ಚೀಲ, ಅಂದರೆ 1,800 ರೂಪಾಯಿ. 30 ದಿನಕ್ಕೊಂದರಂತೆ ವರ್ಷಕ್ಕೆ 12 ಚೀಲ, 3,600 ರೂಪಾಯಿ. ಐದು ವರ್ಷಕ್ಕೆ 18,000 ರೂಪಾಯಿ. ಹಬ್ಬದ ರಿಯಾಯಿತಿಯಲ್ಲಿ ಉಳಿಸಿದ ಹಣವು ಇಲ್ಲಿ ಸದ್ದಿಲ್ಲದೆ ಹೊರಟುಹೋಗುತ್ತದೆ. ಆದ್ದರಿಂದ ಯಂತ್ರದ ಬೆಲೆಯನ್ನು ವಿಚಾರಿಸುವ ಮೊದಲೇ ಚೀಲ, ಫಿಲ್ಟರ್, ಪಕ್ಕದ ಕುಂಚ ಮತ್ತು ಒರೆಸುವ ಬಟ್ಟೆಯ ಬೆಲೆಯನ್ನೂ, ಅವು ಭಾರತದಲ್ಲಿ ಈಗ ದೊರೆಯುತ್ತಿವೆಯೇ ಎಂಬುದನ್ನೂ ವಿಚಾರಿಸುವುದು ಸೂಕ್ತ.

ಹಾಗೆಂದು ಚೀಲವಿಲ್ಲದ ಪೀಠವೇ ಎಲ್ಲರಿಗೂ ಲಾಭವೆಂದು ತಿಳಿಯಬಾರದು. ಪೆಟ್ಟಿಗೆಯನ್ನು ಕೊಡವುವಾಗ ನುಣುಪಾದ ಧೂಳು ಗಾಳಿಗೆ ಏಳುತ್ತದೆ. ಮನೆಯಲ್ಲಿ ಅಸ್ತಮಾ ಅಥವಾ ಧೂಳಿನ ಅಲರ್ಜಿ ಇರುವವರಿದ್ದಲ್ಲಿ, ಬಾಯಿ ತಾನಾಗಿ ಮುಚ್ಚಿಕೊಳ್ಳುವ ಚೀಲಕ್ಕೆ ತೆರುವ ಹಣವು ವ್ಯರ್ಥವಲ್ಲ; ಇಂತಹ ಯಂತ್ರವನ್ನು ಕೊಳ್ಳುವ ಮುಖ್ಯ ಕಾರಣವೇ ಅದಾಗಿರಬಹುದು. ಅಂತಹ ತೊಂದರೆ ಇಲ್ಲದ ಕುಟುಂಬಗಳಿಗೆ, ಅದರಲ್ಲಿಯೂ ಚೀಲಗಳು ಸುಲಭವಾಗಿ ಸಿಗದ ಊರುಗಳಲ್ಲಿರುವವರಿಗೆ, ಪೆಟ್ಟಿಗೆಯ ಬಗೆಯೇ ಮೇಲು.

ಪೀಠವು ಕಸ ಎಳೆದುಕೊಳ್ಳುವಾಗ ಕೆಲವು ಸೆಕೆಂಡುಗಳ ಕಾಲ ಮಿಕ್ಸಿಯಂತಹ ದೊಡ್ಡ ಸದ್ದು ಬರುತ್ತದೆ. ಮಲಗುವ ಕೋಣೆಯಲ್ಲಿ ಪೀಠವನ್ನು ಇರಿಸದಿರುವುದು ಲೇಸು. ರಾತ್ರಿ ವೇಳೆ ಖಾಲಿ ಮಾಡದಂತೆ ಸಮಯ ನಿಗದಿಪಡಿಸುವ ಸೌಲಭ್ಯವಿದೆಯೇ ಎಂದು ಕೇಳಿ ತಿಳಿಯಬಹುದು.

ಹೀರುವ ಶಕ್ತಿಯ ಅಂಕಿ

ಜಾಹೀರಾತುಗಳಲ್ಲಿ ಎದ್ದು ಕಾಣುವುದು ಪಾಸ್ಕಲ್ ಅಂಕಿ. ಕೆಲವು ವರ್ಷಗಳ ಹಿಂದೆ 2,500 ಪಾಸ್ಕಲ್ ಉತ್ತಮವೆನಿಸಿತ್ತು. ಈಗ 10,000 ಮತ್ತು 20,000 ಮೀರಿದ ಅಂಕಿಗಳನ್ನು ಮುದ್ರಿಸಲಾಗುತ್ತಿದೆ. ಪಾಸ್ಕಲ್ ಎಂಬುದು ಒತ್ತಡದ ಅಳತೆ. ಎಷ್ಟು ಗಾಳಿ ಹರಿಯುತ್ತದೆ, ಕುಂಚವು ನೆಲಕ್ಕೆ ಎಷ್ಟು ಒತ್ತಿ ಕೂರುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ದಪ್ಪ ಕಾರ್ಪೆಟ್ ಹಾಸಿದ ಮನೆಗಳಲ್ಲಿ ಹೆಚ್ಚಿನ ಶಕ್ತಿಯಿಂದ ಪ್ರಯೋಜನವುಂಟು. ಟೈಲ್ಸ್, ಮೊಸಾಯಿಕ್, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್ ನೆಲವಿರುವ ಮನೆಗಳಲ್ಲಿ ಈ ಒಂದು ಅಂಕಿಗಾಗಿ ಹತ್ತಿಪ್ಪತ್ತು ಸಾವಿರ ರೂಪಾಯಿ ಹೆಚ್ಚು ಕೊಡಲು ಕಾರಣ ಕಾಣುವುದಿಲ್ಲ. ಅದಕ್ಕಿಂತ ಉದ್ದ ಕೂದಲು ಸುತ್ತಿಕೊಳ್ಳದ ಕುಂಚ ಇದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಬಿರುಗೂದಲಿನ ಕುಂಚಕ್ಕೆ ತಲೆಗೂದಲು ಬೇಗ ಸಿಕ್ಕಿಕೊಳ್ಳುತ್ತದೆ. ರಬ್ಬರಿನ ಕುಂಚದಲ್ಲಿ ಈ ತೊಂದರೆ ಕಡಿಮೆ.

ಮನೆಯ ನೆಲವನ್ನು ಅಳೆದು ನೋಡುವುದು

ಅಂಗಡಿಗೆ ಹೋಗುವ ಮುನ್ನ ಅಳತೆಪಟ್ಟಿ ಹಿಡಿದು ಮನೆಯನ್ನು ಒಮ್ಮೆ ಸುತ್ತಿ ಬರುವುದು ಅವಶ್ಯಕ. ಮೊದಲನೆಯದಾಗಿ ಹೊಸ್ತಿಲು. ಬಹುತೇಕ ಯಂತ್ರಗಳು ಸುಮಾರು 2 ಸೆಂ.ಮೀ. ಎತ್ತರವನ್ನು ದಾಟಬಲ್ಲವು, ಇತ್ತೀಚಿನ ಕೆಲವು ಮಾದರಿಗಳು ಇನ್ನೂ ಹೆಚ್ಚಿನ ಎತ್ತರವನ್ನು ಏರುತ್ತವೆ. ಹಳೆಯ ಮನೆಗಳ ಮರದ ಹೊಸ್ತಿಲನ್ನು ಇವು ದಾಟಲಾರವು. ಅಂತಹ ಮನೆಯಲ್ಲಿ ಯಂತ್ರವನ್ನು ಕೋಣೆಯಿಂದ ಕೋಣೆಗೆ ಕೈಯಲ್ಲಿ ಎತ್ತಿಡಬೇಕಾಗುತ್ತದೆ, ಕೆಲಸ ಮುಗಿದ ಮೇಲೆ ಅದು ಪೀಠಕ್ಕೆ ಹಿಂದಿರುಗಲಾರದು. ತಾನೇ ಖಾಲಿ ಮಾಡುವ ಸೌಲಭ್ಯಕ್ಕೆ ಕೊಟ್ಟ ಹಣವೆಲ್ಲ ವ್ಯರ್ಥವಾಗುತ್ತದೆ. ಹೊಸ್ತಿಲುಗಳು ಎತ್ತರವಾಗಿರುವ ಮನೆಯವರು ಪೀಠವಿಲ್ಲದ ಸರಳ ಯಂತ್ರವನ್ನೋ, ಕೈಯಲ್ಲಿ ಹಿಡಿದು ಬಳಸುವ ಸಾಮಾನ್ಯ ವ್ಯಾಕ್ಯೂಂ ಕ್ಲೀನರನ್ನೋ ಆರಿಸುವುದು ಉಚಿತ.

ಎರಡನೆಯದು ಮಂಚ ಮತ್ತು ಸೋಫಾಗಳ ಕೆಳಗಿನ ಎತ್ತರ. ಲೇಸರ್ ಕಿರಣದಿಂದ ನಕ್ಷೆ ಬರೆಯುವ ಅನೇಕ ಯಂತ್ರಗಳ ನೆತ್ತಿಯ ಮೇಲೆ ಚಿಕ್ಕ ಗೋಪುರವಿರುತ್ತದೆ. ಒಟ್ಟು ಎತ್ತರ 10 ಸೆಂ.ಮೀ.ನಷ್ಟಾಗುತ್ತದೆ. ಕ್ಯಾಮೆರಾದಿಂದ ದಾರಿ ಹುಡುಕುವ ಯಂತ್ರಗಳು ತಗ್ಗಾಗಿರಬಹುದಾದರೂ ಅವುಗಳಿಗೆ ಕೋಣೆಯಲ್ಲಿ ಬೆಳಕು ಬೇಕು. ಕತ್ತಲಲ್ಲಿಯೂ ಸರಿಯಾಗಿ ಕೆಲಸ ಮಾಡುವ ಲೇಸರ್ ಬಗೆಯೇ ಸಾಮಾನ್ಯ ಮನೆಗಳಿಗೆ ಹೆಚ್ಚು ನಂಬಲರ್ಹ.

ಕಪ್ಪು ಗ್ರಾನೈಟ್ ಹಾಸಿದ ನೆಲದ ಬಗ್ಗೆ ವಿಶೇಷ ಎಚ್ಚರ ಅಗತ್ಯ. ಮೆಟ್ಟಿಲಿನಿಂದ ಬೀಳದಂತೆ ತಡೆಯಲು ಯಂತ್ರದ ಅಡಿಯಲ್ಲಿ ಅತಿಗೆಂಪು ಕಿರಣದ ಸಂವೇದಕಗಳಿರುತ್ತವೆ. ಕಪ್ಪು ಮೇಲ್ಮೈ ಆ ಕಿರಣವನ್ನು ಹೀರಿಕೊಂಡಾಗ, ಮುಂದೆ ಹಳ್ಳವಿದೆಯೆಂದು ಭಾವಿಸಿ ಯಂತ್ರವು ಹಿಂದೆ ಸರಿಯಬಹುದು. ಇಂತಹ ನೆಲವುಳ್ಳವರು ಮನೆಯಲ್ಲಿಯೇ ಪ್ರಾತ್ಯಕ್ಷಿಕೆ ತೋರಿಸುವಂತೆ ಮಾರಾಟಗಾರರನ್ನು ಕೋರತಕ್ಕದ್ದು. ಆಗದೆಂದಲ್ಲಿ ಹಿಂದಿರುಗಿಸುವ ಷರತ್ತನ್ನು ಲಿಖಿತವಾಗಿ ಪಡೆಯತಕ್ಕದ್ದು.

ರಂಗೋಲಿ ಹಿಟ್ಟು ನುಣುಪಾದ ಕಲ್ಲಿನ ಪುಡಿಯಾಗಿದ್ದು ಫಿಲ್ಟರನ್ನು ಬೇಗ ಕಟ್ಟುತ್ತದೆ. (ಗೃಹಿಣಿಯು ಬೆಳಿಗ್ಗೆ ಬರೆದ ರಂಗೋಲಿಯನ್ನು ಯಂತ್ರವು ಹತ್ತು ನಿಮಿಷದಲ್ಲಿ ಅಳಿಸಿಹಾಕುವುದು ಬೇರೆ ಮಾತು.) ದೇವರಮನೆಯ ಮುಂದಿನ ಜಾಗವನ್ನು ಆ್ಯಪ್‌ನಲ್ಲಿ ನಿಷಿದ್ಧ ಪ್ರದೇಶವೆಂದು ಗುರುತಿಸಬೇಕು. ಊದಿನಕಡ್ಡಿಯ ಕೆಂಡ, ಬಿಸಿ ಬೂದಿ ಅಥವಾ ಉರಿಯುವ ದೀಪದ ಬಳಿಗೆ ಯಂತ್ರವನ್ನು ಬಿಡಬಾರದು. ಚೀಲದೊಳಗೆ ಸೇರಿದ ಒಂದು ಕಿಡಿಯೂ ಬೆಂಕಿಗೆ ಕಾರಣವಾಗಬಹುದು.

ನೀರು ಮತ್ತು ಒರೆಸುವಿಕೆ

ಒರೆಸುವ ಸೌಲಭ್ಯವುಳ್ಳ ಪೀಠದಲ್ಲಿ ಶುದ್ಧ ನೀರಿಗೂ ಕೊಳೆ ನೀರಿಗೂ ಪ್ರತ್ಯೇಕ ತೊಟ್ಟಿಗಳಿರುತ್ತವೆ. ಕೊಳೆ ನೀರನ್ನು ಎರಡು ಮೂರು ದಿನ ಹಾಗೆಯೇ ಬಿಟ್ಟರೆ ದುರ್ವಾಸನೆ ಬರುತ್ತದೆ. ಅಂದರೆ ಕಸದ ಕೆಲಸ ತಪ್ಪಿದರೂ ನೀರಿನ ಕೆಲಸ ತಪ್ಪುವುದಿಲ್ಲ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಪ್ರದೇಶಗಳಲ್ಲಿ, ನೀರು ಕಾಯಿಸುವ ಪೀಠದೊಳಗೆ ಗೀಸರಿನಲ್ಲಿ ಕಟ್ಟುವಂತೆಯೇ ಬಿಳಿಯ ಗಟ್ಟಿ ಪದರ ಕಟ್ಟುತ್ತದೆ. ನೀರಿಗೆ ಫಿನಾಯಿಲ್ ಬೆರೆಸುವ ವಾಡಿಕೆಯನ್ನು ಇಲ್ಲಿ ಕೈಬಿಡಬೇಕು. ತಯಾರಕರು ಸೂಚಿಸದ ದ್ರಾವಣವನ್ನು ಹಾಕಿದಲ್ಲಿ ವಾರಂಟಿಯನ್ನು ನಿರಾಕರಿಸಲು ಅವಕಾಶವಾಗುತ್ತದೆ.

ವಿದ್ಯುತ್ ಮತ್ತು ವಿದೇಶದಿಂದ ತಂದ ಯಂತ್ರಗಳು

ವಿದ್ಯುತ್ ಬಳಕೆ ಹೆಚ್ಚಿನದಲ್ಲ. 14.4 ವೋಲ್ಟ್, 5,200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 75 ವ್ಯಾಟ್-ಗಂಟೆ; ನಷ್ಟವನ್ನು ಸೇರಿಸಿದರೂ ಒಂದು ಚಾರ್ಜಿಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು. ಆದರೆ ಕಸ ಎಳೆಯುವ ಮೋಟಾರು ಕೆಲವು ಸೆಕೆಂಡು ಮಾತ್ರ ನಡೆದರೂ ಆ ಅವಧಿಯಲ್ಲಿ 1,000 ವ್ಯಾಟ್‌ನ ಆಸುಪಾಸು ಬೇಡಬಹುದು. ಮನೆಯ ಚಿಕ್ಕ ಇನ್ವರ್ಟರ್ ಇದನ್ನು ತಾಳಲಾರದು. ಪೀಠದ ವ್ಯಾಟ್ ಪ್ರಮಾಣವನ್ನು ನೋಡಿ, ಇನ್ವರ್ಟರ್ ಸಂಪರ್ಕವಿಲ್ಲದ ಪ್ಲಗ್ಗಿಗೆ ಜೋಡಿಸುವುದು ಒಳ್ಳೆಯದು.

ಅಮೆರಿಕದಲ್ಲಿರುವ ಮಕ್ಕಳೋ ಬಂಧುಗಳೋ ಅಲ್ಲಿ ಅಗ್ಗವೆಂದು ಕೊಂಡು ತರುವ ಯಂತ್ರಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಅಲ್ಲಿನ ಮನೆಗಳಲ್ಲಿರುವುದು 120 ವೋಲ್ಟ್. ನಮ್ಮಲ್ಲಿ 230 ವೋಲ್ಟ್. ಮೊಬೈಲ್ ಚಾರ್ಜರುಗಳಂತೆ ಇವು ಎರಡಕ್ಕೂ ಹೊಂದುತ್ತವೆಂದು ಭಾವಿಸಬಾರದು. ಮೋಟಾರುಳ್ಳ ಪೀಠಗಳು ಸಾಮಾನ್ಯವಾಗಿ ಒಂದೇ ವೋಲ್ಟೇಜಿಗೆ ತಯಾರಾಗಿರುತ್ತವೆ, ನೇರವಾಗಿ ಜೋಡಿಸಿದಲ್ಲಿ ಸುಟ್ಟುಹೋಗುವ ಸಂಭವವಿದೆ. ಪೀಠದ ಹಿಂಭಾಗದ ಫಲಕದಲ್ಲಿ ಮುದ್ರಿಸಿರುವ ವೋಲ್ಟೇಜನ್ನು ಓದದೆ ಸ್ವಿಚ್ ಹಾಕಬಾರದು. ಅಲ್ಲದೆ ಅಲ್ಲಿನ ವಾರಂಟಿಯು ಸಾಧಾರಣವಾಗಿ ಇಲ್ಲಿ ಅನ್ವಯಿಸುವುದಿಲ್ಲ.

ಆ್ಯಪ್, ಕ್ಯಾಮೆರಾ ಮತ್ತು ಕಂಪನಿಯ ಬಾಳಿಕೆ

ಇಂತಹ ಯಂತ್ರಗಳು ಮನೆಯ ನಕ್ಷೆಯನ್ನು ಸಂಗ್ರಹಿಸುತ್ತವೆ; ಕೆಲವು ಚಿತ್ರಗಳನ್ನೂ ತೆಗೆಯುತ್ತವೆ. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ಡೀಬಾಟ್ ಎಕ್ಸ್2 ಯಂತ್ರಗಳನ್ನು ಅಪರಿಚಿತರು ದೂರದಿಂದ ವಶಪಡಿಸಿಕೊಂಡು, ಅವುಗಳ ಧ್ವನಿವರ್ಧಕದ ಮೂಲಕ ಮನೆಯವರನ್ನು ನಿಂದಿಸಿದ್ದು ವರದಿಯಾಗಿದೆ. ಕ್ಯಾಮೆರಾ ಅನಿವಾರ್ಯವಲ್ಲದಿದ್ದಲ್ಲಿ ಅದಿಲ್ಲದ ಮಾದರಿಯನ್ನು ಆರಿಸಬಹುದು. ಕ್ಯಾಮೆರಾ ಇರುವ ಯಂತ್ರಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡತಕ್ಕದ್ದು.

ಇನ್ನೊಂದು ಅಪಾಯವು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ನೀಟೋ ರೋಬೋಟಿಕ್ಸ್ ಕಂಪನಿಯು 2023ರಲ್ಲಿ ಮುಚ್ಚಿತು; 2025ರಲ್ಲಿ ಅದರ ಸರ್ವರ್ ಸೇವೆಯೂ ನಿಂತು, ಸುಸ್ಥಿತಿಯಲ್ಲಿದ್ದ ಯಂತ್ರಗಳು ಆ್ಯಪ್‌ನ ಆದೇಶವನ್ನು ಪಾಲಿಸದಂತಾದವು. ಮೇಲಿನ ಗುಂಡಿ ಒತ್ತಿ ಓಡಿಸುವುದಷ್ಟೇ ಉಳಿಯಿತು. ಈ ಉದ್ಯಮದ ಮೊದಲಿಗರಲ್ಲಿ ಒಂದಾದ ಐರೋಬಾಟ್ ಕೂಡ 2025ರ ಡಿಸೆಂಬರ್‌ನಲ್ಲಿ ದಿವಾಳಿ ಸಂರಕ್ಷಣೆಗಾಗಿ ಅಮೆರಿಕದ ನ್ಯಾಯಾಲಯದ ಮೊರೆಹೋಯಿತು. ಹೆಸರಾಂತ ಕಂಪನಿಯೆಂಬುದಷ್ಟೇ ಭರವಸೆಯಾಗದು. ಇಂಟರ್ನೆಟ್ ಇಲ್ಲದಿದ್ದಾಗಲೂ ಗುಂಡಿಯಿಂದ ಯಂತ್ರವು ನಡೆಯುತ್ತದೆಯೇ, ಹಾಗೆ ನಡೆದಾಗ ಪೀಠವು ಕಸವನ್ನು ಎಳೆದುಕೊಳ್ಳುತ್ತದೆಯೇ ಎಂದು ಅಂಗಡಿಯಲ್ಲಿಯೇ ಮಾಡಿಸಿ ನೋಡತಕ್ಕದ್ದು.

ಬಿಲ್ಲು, ವಾರಂಟಿ ಮತ್ತು ದೂರು

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕರ ದೂರಿಗಾಗಿ ಸಂಪರ್ಕ ವಿವರ ಇರಬೇಕೆಂದು ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು, 2011 ವಿಧಿಸುತ್ತವೆ. ಆಮದುದಾರರ ವಿಳಾಸವಿಲ್ಲದ ಪೊಟ್ಟಣವನ್ನು ಕೊಳ್ಳದಿರುವುದೇ ಕ್ಷೇಮ. ನಾಳೆ ಯಂತ್ರ ಕೆಟ್ಟಲ್ಲಿ ಕೇಳಲು ಯಾರೂ ಇರುವುದಿಲ್ಲ.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ಆನ್‌ಲೈನ್ ಖರೀದಿಯಲ್ಲಿ ಮಾರಾಟ ತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ವಾರಂಟಿ ಪತ್ರವನ್ನು ಓದುವಾಗ ಬ್ಯಾಟರಿಗೂ ಪೀಠಕ್ಕೂ ಬೇರೆ ಬೇರೆ ಅವಧಿ ನಮೂದಾಗಿದೆಯೇ, ಸೇವಾ ಸಿಬ್ಬಂದಿ ಮನೆಗೆ ಬರುತ್ತಾರೆಯೇ ಅಥವಾ ಯಂತ್ರವನ್ನು ಬೇರೆ ಊರಿಗೆ ಕಳುಹಿಸಬೇಕೇ ಎಂಬುದನ್ನು ಗಮನಿಸಬೇಕು.

ಮಾರಾಟಗಾರರಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಬಹುದು. ಅದರಿಂದಲೂ ಬಗೆಹರಿಯದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ಖುದ್ದಾಗಿ ಅಥವಾ ಇ-ಜಾಗೃತಿ ಅಂತರ್ಜಾಲ ತಾಣದ ಮೂಲಕ, ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಅಂಗಡಿಯು ಬೇರೆ ಊರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು.

ದೂರಿನೊಂದಿಗೆ ಬಿಲ್ಲಿನ ಪ್ರತಿ, ವಾರಂಟಿ ಪತ್ರ, ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರ ಮತ್ತು ಸೇವಾ ಕೇಂದ್ರದವರು ನೀಡಿದ ಜಾಬ್ ಶೀಟನ್ನು ಲಗತ್ತಿಸಬೇಕು. ಯಂತ್ರವನ್ನು ದುರಸ್ತಿಗೆ ಒಪ್ಪಿಸುವಾಗಲೆಲ್ಲ ದಿನಾಂಕವಿರುವ ಜಾಬ್ ಶೀಟನ್ನು ಕೇಳಿ ಪಡೆಯತಕ್ಕದ್ದು. ಒಂದೇ ದೋಷವು ಮರುಕಳಿಸಿತೆಂದು ಆಯೋಗದ ಮುಂದೆ ತೋರಿಸಲು ಅದು ಮುಖ್ಯ ದಾಖಲೆಯಾಗುತ್ತದೆ.